ಊರಿನ ಊಟ, ನಗರದ ದೇಹ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಗಾದೆಯನ್ನು ಕಟ್ಟಿದವರು ಊಟದ ಮಾತನ್ನಷ್ಟೇ ಆಡಿ ದುಡಿಮೆಯ ಮಾತನ್ನು ಏಕೆ ಬಿಟ್ಟರೆಂದು ಯೋಚಿಸಿದವರು ಕಡಿಮೆ. ಅವರು ಮರೆತು ಬಿಟ್ಟದ್ದಲ್ಲ. ಹೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಬಾವಿಯಿಂದ ನೀರು ಸೇದುವುದು, ಒರಳಿನಲ್ಲಿ ರುಬ್ಬುವುದು, ಬೀಸುವ ಕಲ್ಲಿನ ಮುಂದೆ ಕೂರುವುದು, ಹರದಾರಿ ದೂರದ ಹೊಲಕ್ಕೆ ನಡೆದು ಹೋಗಿ ಬರುವುದು, ಇವೇ ಬದುಕಾಗಿದ್ದ ಕಾಲದಲ್ಲಿ ವ್ಯಾಯಾಮವೆಂಬ ಬೇರೊಂದು ಕೆಲಸಕ್ಕೆ ಎಡೆಯಿರಲಿಲ್ಲ. “ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ” ಎಂದು ರಾಗಿಯನ್ನು ಹೊಗಳಿದ ಮಾತಿನಲ್ಲಿಯೂ ಈ ಅರ್ಥ ಅಡಗಿದೆ. ಹಿಟ್ಟನ್ನು ತಿಂದವನು ಕೈತೊಳೆದು ಮಲಗಲಿಲ್ಲ, ಎದ್ದು ಹೋಗಿ ಬೆಟ್ಟವನ್ನು ಕಿತ್ತನು.

ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಿಗೆ ಬಂದು ನೆಲೆಸಿದ ಕನ್ನಡಿಗರು ಬಹಳಷ್ಟನ್ನು ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಮನೆಮಾತು ಉಳಿದಿದೆ, ಯುಗಾದಿಯ ಬೇವುಬೆಲ್ಲ ಉಳಿದಿದೆ, ಸಾರಿನ ಪುಡಿಯ ಡಬ್ಬಿ ರಜೆಗೊಮ್ಮೆ ಊರಿನಿಂದ ತುಂಬಿ ಬರುತ್ತದೆ. ಸದ್ದಿಲ್ಲದೆ ಕಳೆದುಹೋದವು ಎರಡು: ತಟ್ಟೆಯ ಒರಟು ಧಾನ್ಯ ಮತ್ತು ಮೈಯ ದುಡಿಮೆ. ಹಳೆಯ ಮೈಸೂರಿನ ಕಡೆಯವರ ರಾಗಿಮುದ್ದೆ ಬಿಳಿಯ ಅನ್ನಕ್ಕೆ ಸ್ಥಳ ಬಿಟ್ಟುಕೊಟ್ಟಿತು. ಧಾರವಾಡ, ವಿಜಯಪುರ, ಕಲಬುರಗಿಯ ಮನೆಗಳಲ್ಲಿ ದಿನವೂ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ನಗರದ ಎರಡು ಕೋಣೆಗಳ ಮನೆಯಲ್ಲಿ ನಿಂತುಹೋಗಿ, ಆ ಜಾಗಕ್ಕೆ ಬ್ರೆಡ್ಡು, ಪಾವುಗಳು ಬಂದವು. ಕರಾವಳಿಯವರ ಕುಚ್ಚಲಕ್ಕಿ ಗಂಜಿಯನ್ನು ಬೆಳ್ತಿಗೆ ಅನ್ನ ಪಕ್ಕಕ್ಕೆ ಸರಿಸಿತು. ಹೀಗೆ ಧಾನ್ಯ ಬದಲಾಯಿತು, ಕೆಲಸ ಬದಲಾಯಿತು. ಬಡಿಸುವ ಪ್ರಮಾಣ ಮಾತ್ರ ನೇಗಿಲು ಹಿಡಿದ ತಾತನ ಕಾಲದ್ದೇ ಉಳಿಯಿತು.

ಈ ಬದಲಾವಣೆ ಎಷ್ಟು ದೊಡ್ಡದೆಂಬುದಕ್ಕೆ ಒಂದು ಅಳತೆ ಸಾಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 11 ಗ್ರಾಂ ನಾರಿನಂಶವಿದ್ದರೆ, ಅಷ್ಟೇ ತೂಕದ ಪಾಲಿಶು ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಮಿನ ಆಸುಪಾಸಿನಲ್ಲಿಯೂ ನಾರು 3 ಗ್ರಾಮಿನ ಒಳಗೂ ಇರುತ್ತದೆ. ಹಾಗೆಂದು ರಾಗಿಯನ್ನು ದಿವ್ಯೌಷಧವೆಂದು ಭಾವಿಸುವುದೂ ತಪ್ಪು. ರಾಗಿಯೂ ಮುಖ್ಯವಾಗಿ ಪಿಷ್ಟವೇ. ಮಧುಮೇಹವಿದ್ದವರು ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಎರಡನ್ನು ಉಂಡು ರಕ್ತದ ಸಕ್ಕರೆ ಏರಬಾರದೆಂದು ಬಯಸಿದರೆ ಅದು ನಡೆಯುವ ಮಾತಲ್ಲ. ಇತ್ತೀಚೆಗೆ ಅಂಗಡಿಗಳಲ್ಲಿ ಸಿಗುವ ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಓದಿದರೆ, ಮೈದಾ ಮತ್ತು ಸಕ್ಕರೆಗಳ ಹೆಸರು ರಾಗಿಗಿಂತ ಮೊದಲೇ ಅಚ್ಚಾಗಿರುವುದು ಎಷ್ಟೋ ಸಲ ಕಾಣುತ್ತದೆ.

ದಣಿವು ಬೇರೆ, ವ್ಯಾಯಾಮ ಬೇರೆ

ಡೊಂಬಿವಲಿಯಲ್ಲಿ ಮುಂಜಾನೆಯ ಲೋಕಲು ಹಿಡಿದು, ಒಂದು ಗಂಟೆಗೂ ಮೀರಿ ಜನರ ನಡುವೆ ಒತ್ತಿ ನಿಂತು ಕಚೇರಿ ಸೇರುವ ಗೃಹಸ್ಥನಿಗೆ ವ್ಯಾಯಾಮದ ಉಪದೇಶ ಮಾಡಿದರೆ ಅವನಿಗೆ ಸಿಟ್ಟು ಬರುವುದು ಸಹಜ. “ಇಷ್ಟು ದಣಿವು ಸಾಲದೆ?” ಎಂದು ಅವನು ಕೇಳುತ್ತಾನೆ. ದಣಿವೇನೋ ನಿಜ. ಆದರೆ ಶಬ್ದ, ಸೆಕೆ, ನೂಕುನುಗ್ಗಲು, ನಿದ್ರೆಗೇಡುಗಳಿಂದ ಬಂದ ದಣಿವಿನಲ್ಲಿ ಹೃದಯಕ್ಕಾಗಲಿ ಸ್ನಾಯುಗಳಿಗಾಗಲಿ ಅಭ್ಯಾಸ ದೊರೆತಿರುವುದಿಲ್ಲ. ನಿಂತಿರುವ ಕಾಲು ನೋಯುತ್ತದೆ, ನಡೆಯುವ ಕಾಲು ಬಲಗೊಳ್ಳುತ್ತದೆ. ಇಡೀ ಪ್ರಯಾಣದಲ್ಲಿ ಅವನಿಗೆ ನಿಜವಾದ ಲಾಭ ಕೊಡುವುದು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳು. ಈಗೀಗ ಅಲ್ಲಿಯೂ ಯಂತ್ರದ ಮೆಟ್ಟಿಲು ಬಂದು ಜನರು ಅದರ ಮುಂದೆಯೇ ಸಾಲುಗಟ್ಟುತ್ತಾರೆ.

ಮೆಟ್ಟಿಲಿನ ಮಹಿಮೆಯನ್ನು ಮೊದಲು ಲೆಕ್ಕವಿಟ್ಟು ತೋರಿಸಿದವರು ಲಂಡನ್ನಿನ ವೈದ್ಯ ಜೆರಿ ಮಾರಿಸ್. ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರು ಮತ್ತು ಕಂಡಕ್ಟರುಗಳ ಆರೋಗ್ಯವನ್ನು ಅವರು ಹೋಲಿಸಿ ನೋಡಿ, ಫಲಿತಾಂಶವನ್ನು 1953ರಲ್ಲಿ ಪ್ರಕಟಿಸಿದರು. ಒಂದೇ ಸಂಸ್ಥೆ, ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ವರ್ಗದ ಜನ. ಚಾಲಕನು ಪಾಳಿಯುದ್ದಕ್ಕೂ ಕುಳಿತಿರುತ್ತಿದ್ದನು. ಕಂಡಕ್ಟರನು ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಿದ್ದನು. ಹೃದಯಾಘಾತವು ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆಯಿತ್ತು, ಬಂದಾಗಲೂ ಹಠಾತ್ತಾಗಿ ಮರಣ ಸಂಭವಿಸಿದ್ದು ಕಡಿಮೆಯಿತ್ತು. ದೇಹಶ್ರಮಕ್ಕೂ ಹೃದಯರೋಗಕ್ಕೂ ಇರುವ ಸಂಬಂಧದ ಅಧ್ಯಯನಗಳೆಲ್ಲ ಅಲ್ಲಿಂದ ಬೆಳೆದು ಬಂದಿವೆ. ಮುಂಬಯಿಯ ಹಳೆಯ ಕೆಂಪು ಡಬಲ್ ಡೆಕ್ಕರುಗಳಲ್ಲಿ ಟಿಕೆಟು ಹರಿಯುತ್ತ ಮೇಲೆ ಕೆಳಗೆ ಓಡಾಡಿದ ಕಂಡಕ್ಟರುಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತೆಳ್ಳಗಿನ ಮೈಯ ಮೋಸ

ಹೊಸದಾಗಿ ತೊಡಗುವವರಲ್ಲಿ ಎರಡು ಬಗೆಯವರುಂಟು. ತೂಕ ಹೆಚ್ಚಾಯಿತೆಂದು ಹೆದರಿ ಬರುವವರು ಒಂದು ಬಗೆ. “ನನಗೇನಾಗಿದೆ, ನಾನು ತೆಳ್ಳಗಿದ್ದೇನಲ್ಲ” ಎಂದು ಬಾರದೆ ಉಳಿಯುವವರು ಇನ್ನೊಂದು. ಎಚ್ಚರ ಹೆಚ್ಚಾಗಿ ಬೇಕಾದದ್ದು ಈ ಎರಡನೆಯವರಿಗೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪಕ್ಕಪಕ್ಕದಲ್ಲಿಟ್ಟು ಒಂದು ಸಂಗತಿಯನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ದೇಹದ ಕೊಬ್ಬನ್ನು ಅಳೆದಾಗ ಇಂಗ್ಲಿಷ್ ವೈದ್ಯರಲ್ಲಿ ಅದು ಶೇಕಡಾ 9.1, ಭಾರತೀಯ ವೈದ್ಯರಲ್ಲಿ ಶೇಕಡಾ 21.2. ಭಾರತೀಯರ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬು ಶೇಖರವಾಗುವುದು ಬಹುಪಾಲು ಹೊಟ್ಟೆಯ ಸುತ್ತ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಅಂಗಿಯ ಗುಂಡಿಯನ್ನು ಎಳೆಯುತ್ತಿದ್ದರೆ, ತಕ್ಕಡಿ ಏನೇ ಹೇಳಲಿ, ಅದು ಎಚ್ಚರಿಕೆಯ ಗಂಟೆ.

ಆದ್ದರಿಂದ ಹೊಸಬನು ಕೊಳ್ಳಬೇಕಾದ ಮೊದಲ ಸಲಕರಣೆ ದರ್ಜಿಯ ಟೇಪು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು ಅಳೆಯಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡು ಟೇಪಿಗೆ ಮೋಸ ಮಾಡಿದರೆ ಮೋಸಹೋಗುವವರು ಯಾರೆಂಬುದು ಸ್ಪಷ್ಟ. ಭಾರತೀಯ ಪುರುಷರಲ್ಲಿ ಈ ಅಳತೆ 90 ಸೆಂಟಿಮೀಟರನ್ನೂ ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರಬಾರದು. ತೂಕದ ಸೂಚ್ಯಂಕವನ್ನು ಲೆಕ್ಕ ಹಾಕಲು ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಅದು 23ನ್ನು ದಾಟಿದರೆ ಭಾರತೀಯರಿಗೆ ಹೆಚ್ಚು ತೂಕ, 25ನ್ನು ಮುಟ್ಟಿದರೆ ಬೊಜ್ಜು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ ಎಂದು ಅಂದಾಜಾಯಿತು. ಹೊಸ್ತಿಲಿನಲ್ಲಿ ನಿಂತವರಿಗೆ ಸಮಾಧಾನದ ಒಂದು ವಾರ್ತೆ ಚೆನ್ನೈಯಿಂದ ಬಂದಿದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ, ನುಣುಪು ಧಾನ್ಯ, ಕೊಬ್ಬುಗಳನ್ನು ತಗ್ಗಿಸಿ ದಿನವೂ ಬಿರುಸಾಗಿ ನಡೆಯಲು ಕಲಿತ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ಮಧುಮೇಹಕ್ಕೆ ತಿರುಗಿದವರು ಶೇಕಡಾ 39. ಎಂದಿನಂತೆಯೇ ಇದ್ದ ಗುಂಪಿನಲ್ಲಿ ಶೇಕಡಾ 55. ಸ್ವಾರಸ್ಯದ ಸಂಗತಿಯೆಂದರೆ, ಆ ಮೊದಲ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ಎರಡನೆಯ ವಾರಕ್ಕೇ ನಡಿಗೆಯನ್ನು ಬಿಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ದಿನಸಿ ಚೀಟಿಯ ಪರೀಕ್ಷೆ

ಆಹಾರ ಸುಧಾರಣೆಯೆಂದೊಡನೆ ಹಲವರು ನೋಟುಪುಸ್ತಕ ತೆಗೆದು ತುತ್ತುತುತ್ತಿನ ಕ್ಯಾಲೊರಿ ಬರೆಯಲು ತೊಡಗುತ್ತಾರೆ. ಈ ಉತ್ಸಾಹ ಬಹಳ ದಿನ ಬಾಳದು. ಇದಕ್ಕಿಂತ ಸುಲಭವೂ ನಂಬಲರ್ಹವೂ ಆದ ದಾಖಲೆ ಪ್ರತಿ ಮನೆಯಲ್ಲಿಯೂ ಇದೆ. ಅದು ತಿಂಗಳ ದಿನಸಿಯ ಚೀಟಿ. ತಿಂದದ್ದನ್ನು ಮನಸ್ಸು ಮರೆಯುತ್ತದೆ, ಅಂಗಡಿಯವನು ಮರೆಯುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯು ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ವಯಸ್ಕರಿಗೆ ಒಂದು ಮಾದರಿ ತಟ್ಟೆಯನ್ನು ಸೂಚಿಸಿದೆ. ಬೇಯಿಸದ ತೂಕದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಅದರ ಬದಲಿಗೆ ಮೊಟ್ಟೆ ಮೀನು ಮಾಂಸ 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರು, ಶೇಂಗಾ, ಎಳ್ಳು ಮುಂತಾದ ಬೀಜಗಳು 35 ಗ್ರಾಂ, ಎಣ್ಣೆ ಕೊಬ್ಬುಗಳು 27 ಗ್ರಾಂ. ಇದನ್ನು ನಾಲ್ವರು ವಯಸ್ಕರ ಮನೆಯ ಮೂವತ್ತು ದಿನಗಳಿಗೆ ಗುಣಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅಕ್ಕಿ, ಗೋಧಿ, ರವೆ, ಅವಲಕ್ಕಿ, ಶ್ಯಾವಿಗೆ ಎಲ್ಲವೂ ಸೇರಿ 30 ಕಿಲೋ. ಬೇಳೆಕಾಳು ಸುಮಾರು 10 ಕಿಲೋ. ಎಣ್ಣೆ, ತುಪ್ಪ, ಬೆಣ್ಣೆ ಎಲ್ಲವೂ ಸೇರಿ ಮೂರೂಕಾಲು ಕಿಲೋ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಮಿನಂತೆ 600 ಗ್ರಾಂ. ಎಂದರೆ ಒಂದು ಕಿಲೋ ಪೊಟ್ಟಣ ಐವತ್ತು ದಿನ ಬರಬೇಕು, ಅದೂ ಉಪ್ಪಿನಕಾಯಿ ಹಪ್ಪಳಗಳ ಉಪ್ಪನ್ನು ಬಿಟ್ಟು ಲೆಕ್ಕ ಹಾಕಿದರೆ. ಸಕ್ಕರೆ ಬೆಲ್ಲ ತಲೆಗೆ 25 ಗ್ರಾಮಿನ ಒಳಗಿರಬೇಕಾದ್ದರಿಂದ 3 ಕಿಲೋಗೆ ಮೀರಬಾರದು, ಬೇಕರಿಯಿಂದಲೂ ಮಿಠಾಯಿ ಅಂಗಡಿಯಿಂದಲೂ ಬಂದದ್ದು ಸೇರಿ. ಇನ್ನು ತರಕಾರಿ? 48 ಕಿಲೋ. ದಿನಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು.

ಈ ಕೊನೆಯ ಅಂಕೆಯನ್ನು ಕಂಡು ಹೌಹಾರದ ಗೃಹಿಣಿಯರು ವಿರಳ. ಮನೆಯ ತರಕಾರಿಯ ಚೀಲ ಇದರ ಅರ್ಧವನ್ನು ಮುಟ್ಟುವುದೂ ಅಪರೂಪ. ಎಣ್ಣೆಯ ಡಬ್ಬ ಮಾತ್ರ ಮೂರನ್ನು ದಾಟಿ ಐದಕ್ಕೆ, ಆರಕ್ಕೆ ಹೋಗಿರುತ್ತದೆ. ಮೊದಲ ತಿಂಗಳು ಹೊಸಬನು ಏನನ್ನೂ ಬಿಡಬೇಕಾಗಿಲ್ಲ. ಚೀಟಿಯ ಒಂದು ಸಾಲನ್ನು ತಗ್ಗಿಸಿ, ಇನ್ನೊಂದನ್ನು ಏರಿಸಿದರೆ ಸಾಕು. ಎಣ್ಣೆಯಲ್ಲಿ ಒಂದು ಕಿಲೋ ಇಳಿಯಲಿ, ಸೊಪ್ಪು ತರಕಾರಿ ದಿನಕ್ಕೆ ಅರ್ಧ ಕಿಲೋ ಏರಲಿ.

ಕಾಫಿಯ ಲೆಕ್ಕವನ್ನು ಮಾತ್ರ ಬೇರೆಯಾಗಿ ಹೇಳಬೇಕು. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚೆ. ಚಮಚೆಗೆ 5 ಗ್ರಾಮಿನಂತೆ ದಿನಕ್ಕೆ 40 ಗ್ರಾಂ, ವರ್ಷಕ್ಕೆ ಒಬ್ಬರಿಗೆ ಹದಿನಾಲ್ಕೂವರೆ ಕಿಲೋ ಸಕ್ಕರೆ. ಕಾಫಿಯನ್ನು ಬಿಡಿಸಲು ಹೊರಟ ವೈದ್ಯರು ಗೆದ್ದದ್ದು ಕಡಿಮೆ. ಆದರೆ ಎರಡು ಚಮಚೆ ಒಂದೂವರೆಗೆ, ಕೆಲವು ವಾರಗಳ ಮೇಲೆ ಒಂದಕ್ಕೆ, ಮತ್ತೆ ಅರ್ಧಕ್ಕೆ ಇಳಿದರೆ ನಾಲಿಗೆ ತಕರಾರು ಮಾಡದೆ ಒಪ್ಪಿಕೊಳ್ಳುತ್ತದೆ.

ತಟ್ಟೆಯ ಕ್ರಮ

ಕನ್ನಡನಾಡಿನ ಊಟದಲ್ಲಿ ದೋಷವಿರುವುದು ಪದಾರ್ಥಗಳಲ್ಲಲ್ಲ, ಅವುಗಳ ಪ್ರಮಾಣದಲ್ಲಿ. ಬಾಳೆಯೆಲೆಯ ಮೇಲೆ ಅನ್ನಕ್ಕಿಂತ ಮೊದಲು ಬಡಿಸುವುದು ಕೋಸಂಬರಿ, ಪಲ್ಯಗಳನ್ನು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ನಿಂಬೆರಸಗಳ ಈ ಕೋಸಂಬರಿಗಿಂತ ಉತ್ತಮವಾದ ಆರಂಭವನ್ನು ಯಾವ ಪಥ್ಯಶಾಸ್ತ್ರಜ್ಞನೂ ಸೂಚಿಸಲಾರನು. ಆದರೆ ಅದು ಎಲೆಯ ತುದಿಯಲ್ಲಿ ಒಂದು ಚಮಚೆಯಷ್ಟಿರುತ್ತದೆ. ಆಮೇಲೆ ಸಾರನ್ನ, ಹುಳಿಯನ್ನ, ಮಜ್ಜಿಗೆಯನ್ನ ಎಂದು ಅನ್ನ ಮೂರು ಸಲ ಬರುತ್ತದೆ. ಮೂರನ್ನೂ ಉಳಿಸಿಕೊಳ್ಳಬಹುದು. ಪ್ರತಿ ಸಲದ ಅನ್ನವನ್ನು ಅರ್ಧ ಮಾಡಿ, ಪಲ್ಯ ಕೋಸಂಬರಿಗಳನ್ನು ನಾಲ್ಕು ಪಟ್ಟು ಮಾಡಿದರೆ ಊಟದ ಕ್ರಮವೂ ಉಳಿಯಿತು, ದೇಹದ ಹಿತವೂ ಆಯಿತು. ತಟ್ಟೆಯ ಅರ್ಧಭಾಗ ತರಕಾರಿ ಸೊಪ್ಪುಗಳಿಂದ ತುಂಬಿರುವುದನ್ನು ಕಣ್ಣಳತೆಯಲ್ಲಿ ನೋಡಿಕೊಂಡರೆ ಗ್ರಾಂ ಅಳೆಯುವ ಗೋಜಿಲ್ಲ.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದದ್ದು ಸಸಾರಜನಕದ, ಎಂದರೆ ಪ್ರೋಟೀನಿನ ವಿಷಯದಲ್ಲಿ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ತಿಳಿಸಾರಿನಲ್ಲಿ ಬೇಳೆಯ ಪರಿಮಳವಿರುತ್ತದೆಯೇ ಹೊರತು ಬೇಳೆ ಇರುವುದಿಲ್ಲ. ಮಸ್ಸೊಪ್ಪು, ಹುರುಳಿಕಾಳಿನ ಸಾರು, ಮಡಕಿಕಾಳಿನ ಉಸಲಿ, ಗಟ್ಟಿ ತೊವ್ವೆ, ಶೇಂಗಾ ಮತ್ತು ಗುರೆಳ್ಳಿನ ಚಟ್ನಿಪುಡಿ, ಇವು ಹೊಸ ಆವಿಷ್ಕಾರಗಳಲ್ಲ. ಬಸ್ಸಾರಿನಲ್ಲಂತೂ ಕಾಳುಸೊಪ್ಪು ಬೆಂದ ನೀರೂ ಪೋಲಾಗದೆ ಸಾರಾಗುತ್ತದೆ. ಪ್ರೋಟೀನ್ ಪುಡಿಯ ಬೆಲೆಬಾಳುವ ಡಬ್ಬಕ್ಕೆ ಕೈಹಾಕುವ ಮುನ್ನ ಅಡುಗೆಮನೆಯ ಕಾಳಿನ ಡಬ್ಬಗಳನ್ನು ತೆರೆದು ನೋಡುವುದು ಲೇಸು.

ಕೋಣೆ ಹಿಡಿದು ವಾಸಿಸುವ ಒಂಟಿ ಯುವಕರಿಗೆ ಹೋಟೆಲೇ ಅಡುಗೆಮನೆ. ಅಲ್ಲಿಯೂ ಆಯ್ಕೆಯಿಲ್ಲದಿಲ್ಲ. ಇಡ್ಲಿ ಸಾಂಬಾರಿಗೂ ಪೂರಿ ಸಾಗುವಿಗೂ ಎಣ್ಣೆಯಲ್ಲಿ ಅಜಗಜಾಂತರವಿದೆ. ಊಟದ ತಟ್ಟೆಯಲ್ಲಿ ಎರಡನೆಯ ಸಲ ಪಲ್ಯ ಕೇಳಲು ಸಂಕೋಚಪಡಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಮನೆಯಾಕೆಯನ್ನು ಕುರಿತು. ಗಂಡನಿಗೆ ವೈದ್ಯರು ಹೇಳಿದ ಪಥ್ಯವನ್ನು ಮಾಡಿ ಬಡಿಸುವವಳು ಆಕೆ; ಮಕ್ಕಳ ಡಬ್ಬಿ ಕಟ್ಟುವವಳು ಆಕೆ. ಎಲ್ಲರೂ ಹೊರಟ ಮೇಲೆ, ಪಲ್ಯ ಮುಗಿದ ಬಾಣಲೆಯನ್ನು ಪಕ್ಕಕ್ಕಿಟ್ಟು, ಉಳಿದ ಅನ್ನಕ್ಕೆ ಮಜ್ಜಿಗೆ ಉಪ್ಪಿನಕಾಯಿ ಹಾಕಿಕೊಂಡು ಎರಡು ಗಂಟೆಗೆ ಉಣ್ಣುವವಳೂ ಆಕೆಯೇ. ರಕ್ತಹೀನತೆ, ಮೊಣಕಾಲು ನೋವು, ಸೊಂಟದ ಸುತ್ತಳತೆಗಳು ಒಂದೇ ದೇಹದಲ್ಲಿ ಒಟ್ಟಿಗೆ ಸೇರುವುದು ಹೀಗೆ. “ಮನೆಗೆಲಸವೇ ವ್ಯಾಯಾಮ” ಎಂಬ ಮಾತು ಒರಳಿದ್ದ ಕಾಲಕ್ಕೆ ಸರಿಯಿತ್ತು, ಮಿಕ್ಸರಿನ ಕಾಲಕ್ಕೆ ಪೂರ್ತಿ ಸರಿಯಲ್ಲ. ಮನೆಯ ಸುಧಾರಣೆಯ ಮೊದಲ ಹೆಜ್ಜೆ, ಆಕೆಯ ಪಾಲಿನ ಪಲ್ಯವನ್ನು ಬೆಳಿಗ್ಗೆಯೇ ತೆಗೆದಿಡುವುದು. ಎರಡನೆಯದು, ಸಂಜೆ ಅರ್ಧ ಗಂಟೆ ಒಲೆಯ ಹೊಣೆಯನ್ನು ಬೇರೆ ಯಾರಾದರೂ ವಹಿಸಿಕೊಂಡು ಆಕೆಯನ್ನು ಹೊರಗೆ ನಡೆಯಲು ಕಳುಹಿಸುವುದು.

ನಡಿಗೆ, ಮತ್ತೆ ಸ್ವಲ್ಪ ಬಲ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ನಿಯಮ ಈಗ ಎಲ್ಲರ ಬಾಯಲ್ಲಿದೆ. ಅದರ ಮೂಲ ವೈದ್ಯಶಾಸ್ತ್ರವಲ್ಲ, ವ್ಯಾಪಾರ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದಕ್ಕೆ ‘ಹತ್ತು ಸಾವಿರ ಹೆಜ್ಜೆಗಳ ಮಾಪಕ’ ಎಂಬರ್ಥದ ಹೆಸರನ್ನಿಟ್ಟರು. ಸಂಖ್ಯೆ ಅಲ್ಲಿಂದ ಲೋಕವನ್ನೆಲ್ಲ ಸುತ್ತಿತು. ವಯಸ್ಸಾದ ಸ್ತ್ರೀಯರನ್ನು ಕುರಿತು ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿಯೇ ಮರಣದ ಪ್ರಮಾಣ ಬಹಳ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ನಡೆದರೆ ಮಾತ್ರ ಲೆಕ್ಕವೆಂಬ ಹಳೆಯ ನಿಬಂಧನೆಯನ್ನೂ ಅದು ಕೈಬಿಟ್ಟಿದೆ.

ಆದುದರಿಂದ ಹೊಸಬನಿಗೆ ಹೊಸ ಬೂಟೂ ಬೇಡ, ಮುಂಜಾನೆ ನಾಲ್ಕರ ಅಲಾರಮೂ ಬೇಡ. ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ, ರಾತ್ರಿಯ ಊಟದ ನಂತರ ಹತ್ತು ನಿಮಿಷ. ಉಂಡ ಮೇಲೆ ಹೀಗೆ ನಡೆದರೆ ರಕ್ತಕ್ಕೆ ಬಂದ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಬಳಸಿಕೊಳ್ಳುತ್ತವೆ, ಊಟದ ಬೆನ್ನಿಗೆ ಬರುವ ಏರಿಕೆ ತಗ್ಗುತ್ತದೆ. ವಾರಕ್ಕೊಮ್ಮೆ ಐದೈದು ನಿಮಿಷ ಬೆಳೆಸುತ್ತ ಹೋಗಬೇಕು, ಬರಬರುತ್ತ ವೇಗವನ್ನೂ ಹೆಚ್ಚಿಸಬೇಕು. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ನಡಿಗೆಯಿಂದಲೇ ತೂಕ ಕರಗೀತೆಂಬ ಭ್ರಮೆ ಮಾತ್ರ ಬೇಡ. ಅರವತ್ತೈದು ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ವ್ಯಯವಾಗುವುದು ಸುಮಾರು 115 ಕ್ಯಾಲೊರಿ. ಮೇಲೆ ಹೇಳಿದ ನಾಲ್ಕು ಲೋಟ ಕಾಫಿಯ ಸಕ್ಕರೆಯಿಂದ ಬರುವುದೇ 160. ಹೊಟ್ಟೆ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ, ಹೃದಯ ಗಟ್ಟಿಯಾಗುವುದು ಕಾಲಿನಿಂದ.

ನಡೆದರಷ್ಟೇ ಸಾಲದು, ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಬೇಕು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಹೆಸರಾಂತ ಅಂಗಸಾಧಕರು. ಸಾಹಿತ್ಯಕ್ಕೂ ಸಾಮುಗೂ ಹಗೆತನವಿಲ್ಲವೆಂಬುದಕ್ಕೆ ಅವರಿಗಿಂತ ಸಾಕ್ಷಿ ಬೇಡ. ಗರಡಿಯ ಬಸ್ಕಿ, ದಂಡೆಗಳನ್ನು ಐವತ್ತರ ಮೊಣಕಾಲು ಮೊದಲ ದಿನವೇ ಸಹಿಸದಿರಬಹುದು. ಅದರ ಬದಲು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಎರಡೂ ಅಂಗೈ ಒತ್ತಿ ಹತ್ತು ಸಲ ಬಾಗಿ ಹಿಂದಕ್ಕೆ ಬರುವುದು ಸಾಕು. ಮನೆಯ ಹದಿನೈದಡಿ ಜಾಗದಲ್ಲಿ ನೆರೆಯವರಿಗೆ ಸದ್ದಾಗದಂತೆ ನಡೆಯುವ ಸಾಧನೆ ಇದು.

ನಡೆಯುವಾಗ ಎದೆಯಲ್ಲಿ ಒತ್ತಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಲೆಸುತ್ತು ಬಂದರೆ ಅಲ್ಲಿಯೇ ನಿಲ್ಲಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದನ್ನು ವಾಯುವೆಂದು ಶುಂಠಿ ಕಷಾಯ ಕುಡಿದು ಮಲಗಿ ಪ್ರಾಣ ಕಳೆದುಕೊಂಡವರುಂಟು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಅನ್ನವನ್ನು ಕಡಿಮೆ ಮಾಡಿ ನಡಿಗೆಯನ್ನು ಹೆಚ್ಚಿಸಿದಾಗ ಸಕ್ಕರೆ ಅತಿಯಾಗಿ ಇಳಿಯಬಹುದಾದ್ದರಿಂದ, ಔಷಧದ ಪ್ರಮಾಣವನ್ನು ಮೊದಲೇ ವೈದ್ಯರೊಡನೆ ಮಾತಾಡಿ ಸರಿಪಡಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳುಗಳನ್ನು ಹೆಚ್ಚಿಸುವ ಮುನ್ನ ಕೇಳಿಯೇ ಹೆಚ್ಚಿಸಬೇಕು. ಉಳಿದವರು ತೊಡಗುವ ದಿನ ಸೊಂಟದ ಅಳತೆ, ತೂಕ, ರಕ್ತದೊತ್ತಡ, ಬರಿಹೊಟ್ಟೆಯ ರಕ್ತದ ಸಕ್ಕರೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆ ತಿಂಗಳ ದಿನಸಿ ಚೀಟಿಯನ್ನು ಅದೇ ಮೊಳೆಗೆ ಸಿಕ್ಕಿಸಿಡಲಿ. ಮೂರು ತಿಂಗಳಾದ ಮೇಲೆ ಅದೇ ಟೇಪಿನಿಂದ ಮತ್ತೆ ಅಳೆದು, ಹೊಸ ಚೀಟಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಬಹುದು. ಸಂಘದ ವಾರ್ಷಿಕೋತ್ಸವದ ಹೋಳಿಗೆ ಊಟ ಆ ನಡುವೆ ಬಂದರೆ, ಒಂದನ್ನು ಸಂತೋಷದಿಂದ ತಿಂದು, ಎರಡನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬಹುದು. ಬಡಿಸುವವರು ಒತ್ತಾಯ ಮಾಡದೆ ಮುಂದಕ್ಕೆ ಹೋದರೆ ಇನ್ನೂ ಒಳ್ಳೆಯದು.